ಮ್ಯಾಂಚೆಸ್ಟರಿನ ಹಾಲೆ ವಾದ್ಯಮೇಳ

ಪಾಶ್ಚಾತ್ಯ ದೇಶಗಳ ಪಟ್ಟಣಗಳಲ್ಲಿ, ಚಳಿಗಾಲ ಕಾಲಿಡುವುದಕ್ಕೆ ಎಷ್ಟೋ ತಿಂಗಳು ಮೊದಲೇ, ಆ ಊರಿನ ವಾದ್ಯಮೇಳದವರು ಒಂದು ಪುಟ್ಟ ಪುಸ್ತಕವನ್ನು ಅಚ್ಚುಹಾಕಿಸಿ ಹಂಚುವ ಪದ್ಧತಿಯುಂಟು. ಬರುವ ಋತುವಿನಲ್ಲಿ ಯಾವ ಯಾವ ದಿನ ಕಛೇರಿ, ಯಾರ ಕೃತಿ, ಹಾಡುವವರು ಯಾರು, ಆಸನಕ್ಕೆ ದರವೆಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ರಾಮನವಮಿಯ ಸಂಗೀತೋತ್ಸವಕ್ಕೆ ಇಡೀ ಋತುವಿನ ಟಿಕೆಟ್ಟನ್ನು ಮುಂಗಡವಾಗಿ ಕೊಂಡಿಡುವ ಬೆಂಗಳೂರಿನ ರಸಿಕರಿಗೆ ಇದು ಹೊಸ ಮಾತೇನೂ ಅಲ್ಲ. ಆದರೆ ನಮ್ಮ ಕಛೇರಿಗೆ ನಾಲ್ಕೈದು ಮಂದಿ ವಿದ್ವಾಂಸರಿದ್ದರೆ ಸಾಕು. ಅಲ್ಲಿನ ಮೇಳಕ್ಕೆ ಎಪ್ಪತ್ತು ಎಂಬತ್ತು ಮಂದಿ ಬೇಕು. ಇಷ್ಟು ಮಂದಿಯೂ ಬಹುಕಾಲ ಒಟ್ಟಿಗಿದ್ದು ಅಭ್ಯಾಸ ಮಾಡದೆ ನಾದ ಒಂದುಗೂಡದು. ಕಛೇರಿಯಿಲ್ಲದ ತಿಂಗಳುಗಳಲ್ಲಿಯೂ ಇವರ ಸಂಸಾರ ನಡೆಯಬೇಕು. ಅರಸನಿಲ್ಲದ ಊರಿನಲ್ಲಿ ಇದನ್ನು ನಡೆಸುವವರು ಯಾರು? ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಟ್ಟಣದ ಹಾಲೆ ವಾದ್ಯಮೇಳದ ಚರಿತ್ರೆಯು ಈ ಪ್ರಶ್ನೆಗೆ ಕೊಟ್ಟ ದೀರ್ಘವಾದ ಉತ್ತರವೆನ್ನಬಹುದು.

ಮ್ಯಾಂಚೆಸ್ಟರ್ ಎಂದೊಡನೆ ನಮಗೆ ನೆನಪಾಗುವುದು ಬಟ್ಟೆ. ಹೊಗೆಯ ಕೊಳವೆಗಳ, ಗಿರಣಿಗಳ, ವರ್ತಕರ ಊರಾಗಿತ್ತು ಅದು. ಅಂದು ಅಲ್ಲಿನ ಮುಖ್ಯ ಸಭಾಮಂದಿರಕ್ಕೆ ಒಬ್ಬ ಅರಸನ ಹೆಸರಾಗಲಿ, ಒಬ್ಬ ಸಂತನ ಹೆಸರಾಗಲಿ ಇರಲಿಲ್ಲ. ‘ಫ್ರೀ ಟ್ರೇಡ್ ಹಾಲ್’, ಎಂದರೆ ಸುಂಕವಿಲ್ಲದ ವ್ಯಾಪಾರದ ಮಂದಿರ ಎಂದು ಹೆಸರಿತ್ತು. ಅರ್ಥಶಾಸ್ತ್ರದ ಒಂದು ಸಿದ್ಧಾಂತಕ್ಕೆ ಕಲ್ಲಿನ ಗುಡಿ ಕಟ್ಟಿದವರು ಲೋಕದಲ್ಲಿ ಬಹುಮಂದಿ ಇರಲಾರರು! ಇಂತಹ ಊರಿಗೆ, 1848ರ ಕ್ರಾಂತಿಯ ಗಲಭೆಯಲ್ಲಿ ಪ್ಯಾರಿಸನ್ನು ಬಿಟ್ಟುಬಂದ ಒಬ್ಬ ಜರ್ಮನ್ ಪಿಯಾನೋ ವಾದಕನು ಬಂದು ನೆಲಸಿದನು. ಚಾರ್ಲ್ಸ್ ಹಾಲೆ ಎಂಬುದು ಅವನ ಹೆಸರು. ಹುಟ್ಟಿದ್ದು 1819ರಲ್ಲಿ, ವೆಸ್ಟ್‌ಫಾಲಿಯದ ಹಾಗೆನ್ ಎಂಬಲ್ಲಿ. ಪ್ಯಾರಿಸಿನಲ್ಲಿ ಷೋಪಾನ್, ಲಿಸ್ಟ್, ಬೆರ್ಲಿಯೋಸ್ ಮೊದಲಾದವರ ಒಡನಾಟವಿದ್ದವನು. ಮ್ಯಾಂಚೆಸ್ಟರಿನಲ್ಲಿ ಸಿರಿವಂತ ಸದಸ್ಯರು ತಮಗಾಗಿಯೇ ನಡೆಸಿಕೊಂಡಿದ್ದ ಒಂದು ಹಳೆಯ ಸಂಗೀತ ಸಂಘದ ಮೇಳವನ್ನು ಮೊದಲ ಸಲ ಕೇಳಿದಾಗ, ಗಂಟುಮೂಟೆ ಕಟ್ಟಿ ಹೊರಟುಬಿಡೋಣವೆನ್ನಿಸುವಷ್ಟು ಅವನಿಗೆ ಬೇಸರವಾಯಿತಂತೆ. ಆದರೂ ನಿಂತನು, 1850ರಲ್ಲಿ ಅದೇ ಮೇಳಕ್ಕೆ ನಾಯಕನಾದನು.

1857ರಲ್ಲಿ ಆ ಊರಿನಲ್ಲಿ ಒಂದು ದೊಡ್ಡ ಕಲಾಪ್ರದರ್ಶನ ನಡೆಯಿತು. ಹದಿಮೂರು ಲಕ್ಷಕ್ಕೂ ಮೇಲ್ಪಟ್ಟು ಜನರು ಬಂದು ನೋಡಿದರು. ಅಲ್ಲಿ ನುಡಿಸುವುದಕ್ಕೆಂದು ಹಾಲೆಯು ಹೊರಗಿನಿಂದ ಒಳ್ಳೆಯ ವಾದಕರನ್ನು ಕರೆಸಿ ಮೇಳವನ್ನು ವಿಸ್ತರಿಸಿದನು. ಪ್ರದರ್ಶನ ಮುಗಿಯುತ್ತ ಬಂದಿತು. ಇಷ್ಟು ಶ್ರಮಪಟ್ಟು ಹದಕ್ಕೆ ತಂದ ಮೇಳ ಚದರಿಹೋಗುವುದಲ್ಲಾ ಎಂಬ ಚಿಂತೆ ಅವನನ್ನು ಕಾಡಿತು. ಕೊನೆಗೆ ತನ್ನ ಸ್ವಂತ ಹೊಣೆಯ ಮೇಲೆ ಮೂವತ್ತು ಕಛೇರಿಗಳ ಒಂದು ಋತುವನ್ನು ನಡೆಸುವುದಾಗಿ ಸಾರಿದನು. 1858ನೆಯ ಜನವರಿ 30ರಂದು ಫ್ರೀ ಟ್ರೇಡ್ ಹಾಲಿನಲ್ಲಿ ಮೊದಲನೆಯದು ನಡೆಯಿತು. ಸಂಘದ ಸದಸ್ಯರಿಗೆ ಮಾತ್ರವೇ ಮೀಸಲಾಗಿದ್ದ ಬಾಗಿಲು ಈಗ ಯಾರೇ ಆಗಲಿ ಟಿಕೆಟ್ಟು ಕೊಂಡರೆ ತೆರೆಯುವಂತಾಯಿತು. ಬಡವರಿಗೆ ಕಡಮೆ ದರದ ಸ್ಥಳಗಳೂ ಇದ್ದುವು. ಆರಂಭದ ಕಛೇರಿಗಳಲ್ಲಿ ಕೈಯಿಂದಲೇ ಹಣ ಹೋಯಿತು. ಇಲ್ಲಿಗೆ ನಿಲ್ಲಿಸೆಂದು ಸ್ನೇಹಿತರು ಹೇಳಿದರು. ಮೂವತ್ತೆಂದು ಸಾರಿದ ಮೇಲೆ ಮೂವತ್ತೂ ನಡೆಯಲೇಬೇಕೆಂದು ಅವನು ಹಠ ಹಿಡಿದನು. ಋತು ಮುಗಿದು ಲೆಕ್ಕ ನೋಡಿದಾಗ ಉಳಿದ ಲಾಭ ಎರಡೂವರೆ ಷಿಲ್ಲಿಂಗು! ಕಛೇರಿಗೆ ಒಂದು ಪೆನ್ನಿಯಂತೆ. ವರ್ತಕರ ಊರಿನಲ್ಲಿ ಇದಕ್ಕಿಂತ ನಗೆಗೀಡಾದ ಲಾಭವಿರಲಾರದು. ಆದರೆ ಮೇಳ ಉಳಿಯಿತು, ಮುಂದಿನ ಋತುವೂ ಬಂದಿತು.

ಬಂದ ಕಾಲ ಒಳ್ಳೆಯದಾಗಿರಲಿಲ್ಲ. 1861ರಿಂದ 1865ರ ವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಹತ್ತಿ ಬಾರದೆ ಲ್ಯಾಂಕಷೈರಿನ ಗಿರಣಿಗಳು ಮುಚ್ಚಿದುವು; ಕೂಲಿಗಾರರು ಗಂಜಿಗೆ ಕೈಯೊಡ್ಡುವಂತಾಯಿತು. ಆ ದಿನಗಳಲ್ಲಿಯೇ ಮ್ಯಾಂಚೆಸ್ಟರಿನ ವರ್ತಕರ ಕಣ್ಣು ನಮ್ಮ ಧಾರವಾಡದ ಹತ್ತಿಯ ಮೇಲೆ ಬಿದ್ದಿತು. ಅದನ್ನು ಘಟ್ಟದಿಂದಿಳಿಸಿ ಕಾರವಾರದ ಬಂದರಿನಲ್ಲಿ ಹಡಗಿಗೇರಿಸಬೇಕೆಂದು ಯೋಜನೆಗಳನ್ನು ಹೂಡಿದರು. ಅಂತಹ ಕ್ಷಾಮದಲ್ಲಿಯೂ ಹಾಲೆಯ ಚಳಿಗಾಲದ ಕಛೇರಿಗಳು ನಿಲ್ಲಲಿಲ್ಲ.

1895ರಲ್ಲಿ ಹಾಲೆ ತೀರಿಕೊಂಡನು. ಅಲ್ಲಿಯವರೆಗೆ ಮೇಳವೆಂದರೆ ಅವನೊಬ್ಬನ ಸಾಹಸ. ಅವನೊಡನೆಯೇ ಅದೂ ಮುಗಿಯಬಹುದಾಗಿತ್ತು. ಊರಿನ ಮೂವರು ಗೃಹಸ್ಥರು ಮುಂದಿನ ಋತುಗಳ ನಷ್ಟಕ್ಕೆ ತಾವು ಹೊಣೆಯೆಂದು ನಿಂತರು. 1899ರಲ್ಲಿ ಒಂದು ಸಂಘವೇ ಸ್ಥಾಪಿತವಾಗಿ, ವಿಯೆನ್ನದ ಪ್ರಸಿದ್ಧ ಹಾನ್ಸ್ ರಿಕ್ಟರ್ ನಾಯಕನಾಗಿ ಬಂದನು. 1908ನೆಯ ಡಿಸೆಂಬರ್ 3ರಂದು ಎಲ್ಗರನ ಮೊದಲನೆಯ ಸಿಂಫನಿಯನ್ನು ಲೋಕವು ಮೊಟ್ಟಮೊದಲು ಕೇಳಿದ್ದು ಲಂಡನ್ನಿನಲ್ಲಲ್ಲ, ಮ್ಯಾಂಚೆಸ್ಟರಿನಲ್ಲಿ. ಕೀರ್ತಿ ಹೀಗೆ ಬೆಳೆದರೂ ವಾದಕರ ಸ್ಥಿತಿ ಮಾತ್ರ ಮೊದಲಿನಂತೆಯೇ ಇತ್ತು. ಚಳಿಗಾಲದ ತಿಂಗಳುಗಳಲ್ಲಿ ಕೆಲಸ. ಬೇಸಗೆಯಲ್ಲಿ ಕಡಲ ತೀರದ ಊರುಗಳಲ್ಲಿ ಬ್ಯಾಂಡು ಬಾರಿಸಿ ಹೊಟ್ಟೆ ಹೊರೆಯಬೇಕು. 1930ರ ದಶಕದಲ್ಲಿ ಮೇಳದ ಅನೇಕರು ಬಿ.ಬಿ.ಸಿ.ಯ ಪ್ರಾಂತೀಯ ಮೇಳದಲ್ಲಿಯೂ ನುಡಿಸಿ ಎರಡು ಕಡೆಯ ಸಂಪಾದನೆಯಿಂದ ಜೀವಿಸುತ್ತಿದ್ದರು. ಕಲೆಯ ಪಾಲಿಗೆ ಇದು ಅರೆಹೊಟ್ಟೆಯ ಬಾಳು.

ಎರಡನೆಯ ಮಹಾಯುದ್ಧದ ನಡುವೆ ಸಂಘದವರು ಒಂದು ಧೈರ್ಯದ ನಿಶ್ಚಯ ಮಾಡಿದರು. ಇನ್ನು ಮೇಲೆ ಮೇಳ ವರ್ಷವಿಡೀ ಇರತಕ್ಕದ್ದು, ವಾದಕರು ಹಾಲೆಯವರೇ ಆಗಿರತಕ್ಕದ್ದು ಎಂದು. ನ್ಯೂಯಾರ್ಕಿನಲ್ಲಿದ್ದ ಜಾನ್ ಬಾರ್ಬಿರೋಲಿಗೆ ಆಹ್ವಾನ ಹೋಯಿತು. ಅವನು 1943ರ ಜೂನ್ ತಿಂಗಳ ಆರಂಭದಲ್ಲಿ, ಜಲಾಂತರ್ಗಾಮಿಗಳ ಭಯವಿದ್ದ ಕಾಲದಲ್ಲಿ, ಅಮೆರಿಕದ ಸುಖವನ್ನು ಬಿಟ್ಟು ಬಂದನು. ಬಂದು ನೋಡಿದರೆ ಮೇಳವೆಲ್ಲಿ? ತರುಣರು ಸೈನ್ಯಕ್ಕೆ ಹೋಗಿದ್ದರು. ಎರಡು ಕಡೆ ನುಡಿಸುತ್ತಿದ್ದವರಿಗೆ ಒಂದನ್ನು ಆರಿಸಿಕೊಳ್ಳಿರೆಂದಾಗ, ಹಾಲೆಯನ್ನು ಆರಿಸಿಕೊಂಡವರು ನಾಲ್ವರು ಮಾತ್ರ. ಉಳಿದವರು ರೇಡಿಯೋವಿನ ಖಂಡಿತವಾದ ಸಂಬಳವನ್ನು ಬಿಡಲಿಲ್ಲ. ಅವರನ್ನು ನಿಂದಿಸುವುದು ನನಗೆ ಸರಿತೋರದು. ಯುದ್ಧಕಾಲದಲ್ಲಿ ಮಕ್ಕಳೊಂದಿಗರು ಮಾಡತಕ್ಕ ಆಯ್ಕೆಯೇ ಅದು.

ಕಛೇರಿಗಳ ದಿನಾಂಕಗಳು ಆಗಲೇ ಗೊತ್ತಾಗಿದ್ದುವು. ಬಾರ್ಬಿರೋಲಿ ಹಗಲೆಲ್ಲ ಕುಳಿತು ಬಂದವರನ್ನು ಪರೀಕ್ಷಿಸಿದನು. ಶಾಲೆಯ ಹುಡುಗನೊಬ್ಬ ಕೊಳಲಿಗೆ ಸಿಕ್ಕಿದನು. ಒಬ್ಬ ಉಪಾಧ್ಯಾಯಿನಿ ಹಾರ್ನ್ ಹಿಡಿದಳು. ಸುತ್ತಣ ಊರುಗಳ ಹಿತ್ತಾಳೆವಾದ್ಯದ ಬ್ಯಾಂಡುಗಳಿಂದ ತುತ್ತೂರಿಯವರು ಬಂದರು. ಲ್ಯಾಂಕಷೈರಿನಲ್ಲಿ ಗಿರಣಿಗೊಂದು ಗಣಿಗೊಂದು ಬ್ಯಾಂಡಿದ್ದುದು ಆ ಹೊತ್ತಿಗೆ ಉಪಕಾರವಾಯಿತು. ಒಂದೇ ತಿಂಗಳ ತರುವಾಯ, ಜುಲೈ 5ರಂದು, ಹೊಸ ಮೇಳವು ಬ್ರ್ಯಾಡ್‌ಫರ್ಡಿನಲ್ಲಿ ತನ್ನ ಮೊದಲ ಕಛೇರಿಯನ್ನು ನಡೆಸಿತು. ಫ್ರೀ ಟ್ರೇಡ್ ಹಾಲು 1940ರ ಡಿಸೆಂಬರಿನ ಬಾಂಬುಗಳಿಗೆ ಸಿಕ್ಕಿ ಗೋಡೆಗಳು ಮಾತ್ರ ಉಳಿದಿದ್ದುದರಿಂದ, ಮ್ಯಾಂಚೆಸ್ಟರಿನಲ್ಲಿ ಸರ್ಕಸ್ಸು ನಡೆಯುವ ಮಂದಿರದಲ್ಲಿ ಬೀತೋವನನನ್ನು ನುಡಿಸಬೇಕಾಯಿತು.

ಇದೇ ಕಾಲಕ್ಕೆ ಸಂಬಂಧಪಟ್ಟ ಇನ್ನೊಂದು ಸಂಗತಿ ನಮ್ಮವರಿಗೆ ಪ್ರಿಯವಾದುದು. 1945ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಫಿಲ್‌ಹಾರ್ಮೋನಿಯ ವಾದ್ಯಮೇಳಕ್ಕೆ ಆಶ್ರಯವಿತ್ತವರು ಮೈಸೂರಿನ ಶ್ರೀ ಜಯಚಾಮರಾಜ ಒಡೆಯರು. 1950ನೆಯ ಮೇ 22ರಂದು ರಿಚರ್ಡ್ ಸ್ಟ್ರೌಸನ ಕಡೆಯ ನಾಲ್ಕು ಗೀತೆಗಳು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದುದು ಅವರ ಹಣದ ಭರವಸೆಯಿಂದಲೇ. ರಾಜಾಶ್ರಯದಿಂದ ಇಂತಹ ಕಾರ್ಯ ಒಂದು ಮಾತಿನಲ್ಲಿ ಆಗುತ್ತದೆ. ನಮ್ಮ ಅರಮನೆಯ ಆಸ್ಥಾನ ವಿದ್ವಾಂಸರೂ ಅರಮನೆಯ ಬ್ಯಾಂಡೂ ಇದಕ್ಕೆ ಸಾಕ್ಷಿ. ಮ್ಯಾಂಚೆಸ್ಟರಿನವರ ದಾರಿ ನಿಧಾನವಾದುದು, ಪ್ರತಿವರ್ಷವೂ ಹೊಸದಾಗಿ ನಡೆಯಬೇಕಾದುದು. ಟಿಕೆಟ್ಟು ಕೊಳ್ಳುವವರ ಮನಸ್ಸು ತಣ್ಣಗಾದರೆ ಮೇಳವೂ ತಣ್ಣಗಾಯಿತು. 1990ರ ದಶಕದ ಕೊನೆಯಲ್ಲಿ ಹಾಲೆಯವರು ಸಾಲದಲ್ಲಿ ಮುಳುಗುವ ಹಂತಕ್ಕೆ ಬಂದುದೂ ಉಂಟು. ಆದರೆ ಆಶ್ರಯದಾತನ ಕಾಲ ಮುಗಿದಾಗ ಆಸ್ಥಾನದ ಮೇಳಗಳಿಗೆ ಏನಾಯಿತೆಂಬುದನ್ನು ಬಲ್ಲ ನಮಗೆ, ಈ ನಿಧಾನದ ದಾರಿಯ ಬೆಲೆ ತಿಳಿಯದೆ ಇರದು.

ಬಾಂಬಿಗೆ ಬಿದ್ದ ಮಂದಿರವನ್ನು ಊರಿನವರು ಮತ್ತೆ ಕಟ್ಟಿದರು. 1951ರ ನವೆಂಬರಿನಲ್ಲಿ ಅದರ ಬಾಗಿಲು ತೆರೆದಾಗ ನುಡಿಸಿದವರು ಬಾರ್ಬಿರೋಲಿಯ ಹಾಲೆ ಮೇಳದವರು. ಹಾಡಿದವಳು ಕ್ಯಾಥ್ಲೀನ್ ಫೆರಿಯರ್. ಆಕೆಯೂ ಲ್ಯಾಂಕಷೈರಿನವಳೇ. ಗಾಯಕಿಯೆಂದು ಹೆಸರಾಗುವುದಕ್ಕೆ ಮೊದಲು, ಅಲ್ಲಿಗೆ ಸಮೀಪದ ಬ್ಲ್ಯಾಕ್‌ಬರ್ನ್ ಎಂಬ ನೂಲಿನ ಊರಿನಲ್ಲಿ ಟೆಲಿಫೋನ್ ಕಚೇರಿಯ ಕೆಲಸದಲ್ಲಿದ್ದವಳು.