ಸೆರೆಮನೆಯ ಲೆಕ್ಕದಿಂದ ಸಿಯಾಟಲ್‌ವರೆಗೆ: ಬಸುರಿನ ಮದ್ಯಪಾನದ ಅಪಾಯವನ್ನು ವೈದ್ಯಶಾಸ್ತ್ರ ಕಂಡು, ಮರೆತು, ಮತ್ತೆ ಕಂಡ ಬಗೆ

ಗರ್ಭಿಣಿ ಸೇವಿಸಿದ ಮದ್ಯ ಮಗುವಿನಲ್ಲಿ ಉಂಟುಮಾಡುವ ಹಾನಿಗೆ ‘ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್’ ಎಂಬ ಹೆಸರು ಬಂದದ್ದು 1973ರಲ್ಲಿ. ಅದರ ಇತಿಹಾಸವನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಹೇಳುತ್ತಾರೆ. ಬೈಬಲ್ಲಿನ ನ್ಯಾಯಸ್ಥಾಪಕರ ಗ್ರಂಥದಲ್ಲಿ ಸಂಸೋನನ ತಾಯಿಗೆ ದ್ರಾಕ್ಷಾರಸ ಮುಟ್ಟಬೇಡವೆಂದು ಹೇಳಿದ ಕಾಲದಿಂದಲೂ ಇದು ಜನಕ್ಕೆ ಗೊತ್ತಿತ್ತು ಎಂಬುದು ಒಂದು ಬಗೆ; 1973ರವರೆಗೆ ಯಾರಿಗೂ ಸುಳಿವೇ ಇರಲಿಲ್ಲ ಎಂಬುದು ಇನ್ನೊಂದು. ಎರಡೂ ಪೂರ್ತಿ ಸರಿಯಲ್ಲ. 1900ರ ಹೊತ್ತಿಗೇ ಪರಿಶೀಲನೆಗೆ ಯೋಗ್ಯವಾದ ಸಾಕ್ಷ್ಯ ಕೈಯಲ್ಲಿತ್ತು. ಬಸುರಿನ ಯಾವ ಹಂತದಲ್ಲಿ ಕುಡಿತ ನಿಂತರೆ ಮಗು ಉಳಿದೀತು ಎಂಬ ಸೂಚನೆಯೂ ಅದರಲ್ಲಿತ್ತು. ಆ ಸಾಕ್ಷ್ಯವನ್ನು ಯಾರೂ ಅಲ್ಲಗಳೆದು ಸೋಲಿಸಲಿಲ್ಲ. ವಿದ್ವಾಂಸರ ಗಮನ ಗರ್ಭದ ವಾರಗಳನ್ನು ಬಿಟ್ಟು ಕುಲದ ರಕ್ತ ಮತ್ತು ತಾಯಿಯ ನಡತೆಯ ಕಡೆ ಹೊರಳಿದ್ದರಿಂದ ಅದು ಮೂಲೆಗೆ ಸರಿಯಿತು ಎಂಬುದು ಈ ಲೇಖನದ ವಾದ.

ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಅಗ್ಗದ ಜಿನ್ ಹೊಳೆಯಾಗಿ ಹರಿದಾಗ, ಅಲ್ಲಿನ ವೈದ್ಯರ ಕಾಲೇಜು 1726ರಲ್ಲಿ ಪಾರ್ಲಿಮೆಂಟಿಗೆ ಮನವಿ ಸಲ್ಲಿಸಿ, ಕುಡುಕ ತಂದೆತಾಯಿಗಳಿಗೆ ಬಲಹೀನ, ರೋಗಿಷ್ಠ ಮಕ್ಕಳು ಹುಟ್ಟುತ್ತಿವೆ ಎಂದಿತು. ಅದು ದೂರೇ ಹೊರತು ಪರೀಕ್ಷೆಯಲ್ಲ. ಪರೀಕ್ಷೆ ಎನ್ನಬಹುದಾದದ್ದು ಬಂದದ್ದು 1899ರಲ್ಲಿ. ಲಿವರ್‌ಪೂಲ್ ಸೆರೆಮನೆಯ ವೈದ್ಯ ವಿಲಿಯಂ ಸಲಿವನ್ ಅಲ್ಲಿನ 120 ಮದ್ಯವ್ಯಸನಿ ಹೆಂಗಸರ 600 ಮಕ್ಕಳ ಲೆಕ್ಕ ತೆಗೆದ. ಅವರಲ್ಲಿ 335 ಮಕ್ಕಳು ಸತ್ತೇ ಹುಟ್ಟಿದ್ದವು ಅಥವಾ ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದವು. ಅಷ್ಟಕ್ಕೇ ಆತ ನಿಲ್ಲಿಸಲಿಲ್ಲ. ಇದೇ ಹೆಂಗಸರಲ್ಲಿ ಕೆಲವರ ಕುಡಿಯದ ಅಕ್ಕತಂಗಿಯರು, ಹೆಣ್ಣುಮಕ್ಕಳು ಹೀಗೆ 28 ಜನರನ್ನು ಹುಡುಕಿ ಅವರ 138 ಮಕ್ಕಳ ಲೆಕ್ಕವನ್ನೂ ಪಕ್ಕದಲ್ಲಿಟ್ಟ; ಅಲ್ಲಿ ಸತ್ತವು 33. ಒಂದೇ ಮನೆತನದೊಳಗೆ ಸಾವಿನ ಪ್ರಮಾಣ ಶೇ. 24ರ ಆಸುಪಾಸಿನಿಂದ ಶೇ. 55ರ ಮೇಲಕ್ಕೆ ಏರಿತ್ತು. ಸಲಿವನ್ ಗುರುತಿಸಿದ ಮತ್ತೊಂದು ಸಂಗತಿ ಇನ್ನೂ ಬೆಲೆಯುಳ್ಳದ್ದು. ಹಿಂದೆ ಒಂದಾದ ಮೇಲೊಂದು ಮಗು ಕಳೆದುಕೊಂಡಿದ್ದ ಕೆಲವು ತಾಯಂದಿರು, ಬಸುರಿನಲ್ಲಿ ಸೆರೆವಾಸಕ್ಕೆ ಬಂದು ಮದ್ಯ ಸಿಗದೆ ಹೋದಾಗ, ಆರೋಗ್ಯವಂತ ಮಗುವನ್ನು ಹೆತ್ತಿದ್ದರು. ಹೆಂಗಸು ಅವಳೇ, ರಕ್ತ ಅದೇ. ಬದಲಾದದ್ದು ಗರ್ಭದ ತಿಂಗಳುಗಳಲ್ಲಿ ಮದ್ಯ ಇತ್ತೋ ಇಲ್ಲವೋ ಎಂಬುದು. ಅದೇ ಸುಮಾರಿಗೆ ಫ್ರಾನ್ಸಿನ ಮೊರಿಸ್ ನಿಕ್ಲೂ, ತಾಯಿ ಕುಡಿದ ಮದ್ಯ ಮಾಸನ್ನು ದಾಟಿ ಭ್ರೂಣದ ರಕ್ತ ಸೇರುತ್ತದೆ ಎಂದು ರಾಸಾಯನಿಕವಾಗಿ ತೋರಿಸಿದ್ದ.

ಸಲಿವನ್ ನೋಡಿದ್ದು ಕಡುಬಡವರನ್ನು, ಆ ಸಾವುಗಳಿಗೆ ಹಸಿವು ಮತ್ತು ಕೊಳಕು ಕಾರಣವಾಗಿರಬಾರದೇಕೆ ಎಂಬ ಆಕ್ಷೇಪ ಸಹಜ. ಅದರಲ್ಲಿ ಹುರುಳಿದೆ. ಸೆರೆಮನೆ ಮದ್ಯವನ್ನು ತಪ್ಪಿಸಿದ್ದಷ್ಟೇ ಅಲ್ಲ, ಹೊತ್ತುಹೊತ್ತಿಗೆ ಊಟವನ್ನೂ ಕೊಟ್ಟಿತ್ತು. ಎರಡರಲ್ಲಿ ಯಾವುದು ಮಗುವನ್ನು ಉಳಿಸಿತು ಎಂದು ಆ ಲೆಕ್ಕವೊಂದರಿಂದ ಹೇಳಲಾಗದು. ಆದರೆ ಈ ಸಂದೇಹದ ಸಹಜ ಮುಂದುವರಿಕೆ ಹೊಸ ಪರೀಕ್ಷೆ ಆಗಬೇಕಿತ್ತು. ನಡೆದದ್ದು ಬೇರೆ. 1910ರಲ್ಲಿ ಲಂಡನ್ನಿನ ಗಾಲ್ಟನ್ ಪ್ರಯೋಗಾಲಯದ ಎಥೆಲ್ ಎಲ್ಡರ್ಟನ್ ಮತ್ತು ಕಾರ್ಲ್ ಪಿಯರ್‌ಸನ್ ಶಾಲಾಮಕ್ಕಳ ದತ್ತಾಂಶವನ್ನು ವಿಶ್ಲೇಷಿಸಿ, ತಂದೆತಾಯಿಯ ಕುಡಿತಕ್ಕೂ ಮಕ್ಕಳ ಮೈಕಟ್ಟು–ಬುದ್ಧಿಗೂ ಹೇಳಿಕೊಳ್ಳುವಂಥ ಸಂಬಂಧ ಕಾಣದು ಎಂದರು. ಮನುಷ್ಯ ಕುಲದ ಗುಣವನ್ನು ಆಯ್ದು ಬೆಳೆಸಬೇಕೆನ್ನುವ ಸುಪ್ರಜನನವಾದದ ಆ ಕೇಂದ್ರಕ್ಕೆ ಬೇಕಿದ್ದುದು ಕುಲದ ಗುಣ ಕೆಡುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ. ತಾಯಿ ಕುಡಿಯತೊಡಗಿದ್ದು ಮಗು ಹುಟ್ಟುವ ಮೊದಲೋ ಆಮೇಲೋ ಎಂಬುದು ಅವರ ದತ್ತಾಂಶದಲ್ಲಿರಲಿಲ್ಲ. ಶಸ್ತ್ರವೈದ್ಯ ವಿಕ್ಟರ್ ಹಾರ್ಸ್ಲಿ ಮೊದಲಾದವರು ಆಗಲೇ ಈ ಲೋಪವನ್ನು ಎತ್ತಿ ತೋರಿಸಿದರು. ಅದಕ್ಕಿಂತ ದೊಡ್ಡ ಲೋಪ ಮತ್ತೊಂದಿತ್ತು: ಶಾಲೆಯ ಹಾಜರಿಯಲ್ಲಿ ಇರುವುದು ಬದುಕುಳಿದ ಮಕ್ಕಳು ಮಾತ್ರ. ಸಲಿವನ್ ಎಣಿಸಿದ 335 ಮಕ್ಕಳಂಥವರು ಅಲ್ಲಿ ಲೆಕ್ಕಕ್ಕೆ ಸಿಗುವಂತೆಯೇ ಇರಲಿಲ್ಲ.

ಇದರ ಮೇಲೆ ಪಾನನಿಷೇಧ ರಾಜಕಾರಣದ ನೆರಳು ಬಿತ್ತು. ಅಮೆರಿಕದಲ್ಲಿ 1920ರಿಂದ 1933ರವರೆಗೆ ಜಾರಿಯಲ್ಲಿದ್ದ ನಿಷೇಧ ಸೋತು ಹಿಂತೆಗೆದ ಮೇಲೆ, ಅದರ ಪ್ರಚಾರಕರು ಬಳಸಿದ್ದ ವೈದ್ಯಕೀಯ ವಾದಗಳೆಲ್ಲ ಧರ್ಮೋಪದೇಶದ ಪಾಲಿಗೆ ಹೋದವು. 1942ರಲ್ಲಿ ಯೇಲ್ ವಿಶ್ವವಿದ್ಯಾಲಯದ ಹ್ಯಾಗರ್ಡ್ ಮತ್ತು ಜೆಲಿನೆಕ್, ಕುಡುಕರ ಮಕ್ಕಳ ದುಃಸ್ಥಿತಿಗೆ ಅಪೌಷ್ಟಿಕತೆ ಮತ್ತು ಮನೆಯ ವಾತಾವರಣ ಕಾರಣವೆಂದು ಬರೆದರು. ಈ ಮರೆವು ಎಷ್ಟು ಗಾಢವಾಗಿತ್ತೆಂದರೆ, 1960ರ ದಶಕದಲ್ಲಿ ನ್ಯೂಯಾರ್ಕಿನ ಫ್ರಿಟ್ಸ್ ಫುಕ್ಸ್ ಅಕಾಲ ಹೆರಿಗೆ ತಡೆಯಲು ಗರ್ಭಿಣಿಯರ ರಕ್ತನಾಳಕ್ಕೆ ಮದ್ಯಸಾರವನ್ನು ಡ್ರಿಪ್ ಮೂಲಕ ಹರಿಸಿದರು; ಅದು ಮಾನ್ಯ ಚಿಕಿತ್ಸೆಯಾಗಿ 1970ರ ದಶಕದವರೆಗೂ ಉಳಿಯಿತು.

ದಾರಿ ತೆರೆದದ್ದು ಬೇರೆ ಕಡೆಯಿಂದ. 1941ರಲ್ಲಿ ಆಸ್ಟ್ರೇಲಿಯಾದ ನೇತ್ರವೈದ್ಯ ನಾರ್ಮನ್ ಗ್ರೆಗ್, ಬಸುರಿನ ಮೊದಲ ತಿಂಗಳುಗಳಲ್ಲಿ ತಾಯಿಗೆ ರುಬೆಲ್ಲಾ ತಗುಲಿದರೆ ಮಗುವಿಗೆ ಕಣ್ಣಿನ ಪೊರೆ ಬರುತ್ತದೆಂದು ತೋರಿಸಿದ. ಗರ್ಭಿಣಿಯರು ನುಂಗಿದ ಥಾಲಿಡೋಮೈಡ್ ಮಾತ್ರೆಯಿಂದ ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದ ದುರಂತ 1961ರಲ್ಲಿ ಬಯಲಾಯಿತು. ಮಾಸು ಕೋಟೆಯಲ್ಲ, ಹಾನಿ ಯಾವ ವಾರದಲ್ಲಿ ತಟ್ಟಿತು ಎಂಬುದು ಮುಖ್ಯ ಎಂದು ವೈದ್ಯರು ಕಲಿತದ್ದು ಇವುಗಳಿಂದ. 1968ರಲ್ಲಿ ಫ್ರಾನ್ಸಿನ ನಾಂತ್‌ನ ಮಕ್ಕಳ ವೈದ್ಯ ಪಾಲ್ ಲೆಮ್ವಾನ್, ಕುಡಿಯುವ ತಂದೆತಾಯಿಗಳ 127 ಮಕ್ಕಳನ್ನು ವಿವರಿಸಿ ಪ್ರಾದೇಶಿಕ ಪತ್ರಿಕೆಯೊಂದರಲ್ಲಿ ಬರೆದ. ಹೆಚ್ಚು ಜನ ಓದಲಿಲ್ಲ. ಐದು ವರ್ಷದ ಬಳಿಕ ಸಿಯಾಟಲ್‌ನ ಕೆನೆತ್ ಜೋನ್ಸ್, ಡೇವಿಡ್ ಸ್ಮಿತ್ ಮತ್ತು ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ್ದು ಬರೀ ಎಂಟು ಮಕ್ಕಳ ವರದಿ. ಆದರೆ ಆ ಮಕ್ಕಳು ಮೂರು ಬೇರೆ ಬೇರೆ ಜನಾಂಗಗಳಿಗೆ ಸೇರಿದ್ದರೂ ಅವರಲ್ಲಿ ಕಂಡದ್ದು ಒಂದೇ ಮಾದರಿ: ಕಣ್ಣಿನ ಸೀಳು ಗಿಡ್ಡ, ತಲೆ ಚಿಕ್ಕದು, ಬೆಳವಣಿಗೆ ಕುಂಠಿತ. ಹಸಿವು ಮಗುವನ್ನು ಬಡಕಲಾಗಿಸೀತು, ಇಂಥ ಒಂದೇ ಮುಖಚಹರೆಯನ್ನು ಕೊಡಲಾರದು. 1942ರ ವಾದ ಇಲ್ಲಿ ಬಿರುಕುಬಿಟ್ಟಿತು.

ಸಲಿವನ್‌ಗೆ ಬೇರ್ಪಡಿಸಲಾಗದ ಊಟ–ಮದ್ಯದ ಗೋಜಲನ್ನು ಕೊನೆಗೆ ಬಿಡಿಸಿದ್ದು ಪ್ರಾಣಿಪ್ರಯೋಗ. 1981ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಕ್ಯಾಥ್ಲೀನ್ ಸೂಲಿಕ್ ತಂಡ, ಗರ್ಭಧರಿಸಿದ ಇಲಿಗಳಿಗೆ ಏಳನೆಯ ದಿನ ಮಾತ್ರ ಮದ್ಯಸಾರ ಕೊಟ್ಟು, ಸಿಂಡ್ರೋಮಿನ ಮುಖಲಕ್ಷಣಗಳನ್ನೇ ಹೋಲುವ ವಿಕಾರವನ್ನು ಮರಿಗಳಲ್ಲಿ ಕಂಡಿತು. ಆ ದಿನ ಮನುಷ್ಯ ಭ್ರೂಣದ ಮೂರನೆಯ ವಾರಕ್ಕೆ ಸಮ. ಮುಟ್ಟು ತಪ್ಪಿತೇ ಎಂದು ಹೆಂಗಸು ಗಮನಿಸುವುದೂ ಸುಮಾರಾಗಿ ಆ ಹೊತ್ತಿಗೇ. ಭ್ರೂಣಕ್ಕೆ ಮದ್ಯವನ್ನು ಕರಗಿಸಬಲ್ಲ ಬಲಿತ ಯಕೃತ್ತಿಲ್ಲ. ಮುಖ, ಹೃದಯಗಳಿಗೆ ರೂಪ ಬರುವುದು ಮೊದಲ ವಾರಗಳಲ್ಲಿ. ಮಿದುಳು ಮಾತ್ರ ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಹಾನಿಗೊಳಗಾದ ಎಲ್ಲ ಮಕ್ಕಳ ಮುಖದಲ್ಲೂ ಗುರುತು ಕಾಣುವುದಿಲ್ಲ.

ಇದೆಲ್ಲ ಅತಿರೇಕದ ಭಯ, ಹೆಣ್ಣಿನ ಮೇಲೆ ಕಣ್ಗಾವಲಿಡಲು ಸಿಕ್ಕ ನೆಪ ಎಂಬ ಟೀಕೆಯೂ ಇದೆ. ಸಮಾಜಶಾಸ್ತ್ರಜ್ಞೆ ಎಲಿಜಬೆತ್ ಆರ್ಮ್‌ಸ್ಟ್ರಾಂಗ್ ಈ ಮಾತನ್ನು ಗಟ್ಟಿಯಾಗಿ ಮಂಡಿಸಿದ್ದಾರೆ. ವಿಪರೀತ ಕುಡಿತದ ಹಾನಿ ಖಚಿತವಾದಷ್ಟು, ವಾರಕ್ಕೊಂದೆರಡು ಲೋಟದ ಹಾನಿ ಖಚಿತವಾಗಿಲ್ಲ ಎಂಬುದೂ ನಿಜ. ಆದರೆ ಅಪಾಯದ ಸಾಕ್ಷ್ಯ ತೆಳುವಾಗಿರುವುದು ಬೇರೆ, ಅಪಾಯವಿಲ್ಲ ಎಂದು ಸಾಬೀತಾಗುವುದು ಬೇರೆ. ಸುರಕ್ಷಿತ ಮಿತಿ ಗೊತ್ತಿಲ್ಲದಿರುವಾಗ ಪೂರ್ತಿ ಬಿಡಿ ಎಂಬ ಸಲಹೆ, 2016ರಲ್ಲಿ ಬ್ರಿಟನ್ನಿನ ಮುಖ್ಯ ವೈದ್ಯಾಧಿಕಾರಿಗಳು ಕೊಟ್ಟ ಹಾಗೆ, ವಿವೇಕದ್ದೇ. ಆದರೆ ಹೆಣ್ಣಿನ ಮೇಲಷ್ಟೇ ಕಣ್ಣಿಡುವುದು ಸಲ್ಲದು ಎಂಬ ಟೀಕಾಕಾರರ ಮಾತನ್ನು ಇತಿಹಾಸವೇ ಎತ್ತಿಹಿಡಿಯುತ್ತದೆ. ಈ ಸಿಂಡ್ರೋಮಿನ ಅತಿ ಹೆಚ್ಚಿನ ಪ್ರಮಾಣ ದಾಖಲಾದ ಕಡೆಗಳಲ್ಲಿ ದಕ್ಷಿಣ ಆಫ್ರಿಕಾದ ವೆಸ್ಟರ್ನ್ ಕೇಪ್ ಒಂದು. ಅಲ್ಲಿನ ದ್ರಾಕ್ಷಿ ತೋಟಗಳಲ್ಲಿ ಕೂಲಿಯ ಒಂದು ಭಾಗವನ್ನು ವೈನ್ ರೂಪದಲ್ಲೇ ಕೊಡುವ ‘ಡಾಪ್’ ಪದ್ಧತಿ ತಲೆಮಾರುಗಳ ಕಾಲ ನಡೆದಿತ್ತು. ಅಲ್ಲಿ ತಾಯಿಯೊಬ್ಬಳನ್ನೇ ಕಟಕಟೆಗೆ ಏರಿಸುವುದು ಕಾರಣವನ್ನು ಅರ್ಧಕ್ಕೇ ಹುಡುಕಿ ಬಿಟ್ಟಂತೆ.

ಭಾರತದಲ್ಲಿ ಕುಡಿಯುವ ಹೆಂಗಸರ ಪ್ರಮಾಣ ಕಡಿಮೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅದು ಶೇ. 1.3. ಅಷ್ಟರಿಂದ ವಿಷಯ ನಮ್ಮದಲ್ಲ ಎನ್ನಲಾಗದು. ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯರು 2008ರಲ್ಲೇ ಭಾರತೀಯ ಮಕ್ಕಳ ವೈದ್ಯರ ಪತ್ರಿಕೆಯಲ್ಲಿ ಇದರ ಬಗ್ಗೆ ವಿಮರ್ಶಾ ಲೇಖನ ಬರೆದಿದ್ದರು. ಹೆಣ್ಣು ಕುಡಿಯುವುದೇ ನಾಚಿಕೆ ಎನ್ನುವ ಸಮಾಜದಲ್ಲಿ ವೈದ್ಯರು ಕೇಳುವುದಿಲ್ಲ, ಬಸುರಿ ಹೇಳುವುದಿಲ್ಲ. ನಡತೆಯ ತೀರ್ಪು ಹೀಗೆ ಮಾಹಿತಿಯ ಬಾಯಿ ಕಟ್ಟುತ್ತದೆ. 1970ರ ದಶಕದ ಬಾಸ್ಟನ್ನಿನಲ್ಲಿ ಹೆನ್ರಿ ರೊಸೆಟ್ ಮತ್ತು ಸಂಗಡಿಗರು ಗರ್ಭಿಣಿಯರನ್ನು ಗದರಿಸದೆ ಆಪ್ತಸಲಹೆ ಕೊಟ್ಟಾಗ ಅನೇಕರು ಕುಡಿತ ಕಡಿಮೆ ಮಾಡಿದರು, ಅವರ ಮಕ್ಕಳ ಸ್ಥಿತಿ ಮೇಲಾಯಿತು. ಸೆರೆಮನೆ ಬಲವಂತದಿಂದ ತೋರಿಸಿದ್ದನ್ನು ಇಲ್ಲಿ ವಿಶ್ವಾಸ ತೋರಿಸಿತು. ಮೊದಲ ವಾರಗಳ ಹಾನಿ ತಪ್ಪಬೇಕಾದರೆ ಮಾತು ಗರ್ಭಧಾರಣೆಗೂ ಮುಂಚೆಯೇ, ಮದುವೆಯಾದವರ ಸಾಮಾನ್ಯ ತಪಾಸಣೆಯಲ್ಲೇ ಶುರುವಾಗಬೇಕು. ತಡವಾಗಿ ಬಂದವಳಿಗೂ, ಈಗ ಬಿಟ್ಟರೂ ಮಗುವಿಗೆ ಲಾಭವಿದೆ ಎಂದು ಹೇಳಬೇಕು. ಸಲಿವನ್ನನ ಲೆಕ್ಕಪಟ್ಟಿಯಿಂದ ಆಗಲೇ ಕಲಿಯಬಹುದಾಗಿದ್ದ ಪಾಠ ಇದು.