‘ಆರೋಪಿ’ ಎಂಬ ಮಾತು

ಬಿಲ್ಲಿಗೆ ಹೆದೆಯೇರಿಸುವುದಕ್ಕೂ ಗಿಡ ನೆಡುವುದಕ್ಕೂ ಸಮಾನವಾಗಿ ಸಲ್ಲುತ್ತಿದ್ದ ಆರೋಪಣವೆಂಬ ಸಂಸ್ಕೃತ ಶಬ್ದವು ನಮ್ಮ ನ್ಯಾಯಾಲಯಗಳ ಕಟಕಟೆಯವರೆಗೆ ಬಂದು ಸೇರುವಷ್ಟರಲ್ಲಿ ಬಹುದೂರ ನಡೆದಿದ್ದಿತು. ಆಲಂಕಾರಿಕರು ಮುಖದ ಮೇಲೆ ಚಂದ್ರತ್ವವನ್ನು ಆರೋಪಿಸಿದರು. ವೇದಾಂತಿಗಳು ಹಗ್ಗದಲ್ಲಿ ಕಂಡ ಹಾವನ್ನು ಅಧ್ಯಾರೋಪವೆಂದು ಕರೆದು, ವಿಚಾರದಿಂದ ಅದನ್ನು ಕಳೆಯುವ ಕ್ರಮಕ್ಕೆ ಅಪವಾದವೆಂದು ಹೆಸರಿಟ್ಟರು. ಆ ಅಪವಾದವೇ ನಮ್ಮ ಆಡುಮಾತಿನಲ್ಲಿ ತಲೆಯ ಮೇಲೆ ಹೊರುವ ನಿಂದೆಯಾಗಿಬಿಟ್ಟಿರುವುದು ಒಂದು ವಿಚಿತ್ರ. ಈ ಎಲ್ಲ ಪ್ರಯೋಗಗಳಲ್ಲಿಯೂ ಬಿಡದೆ ಉಳಿದುಬಂದಿರುವ ಅರ್ಥವೆಂದರೆ, ಆರೋಪವು ಹೊರಗಿನಿಂದ ಏರಿಸಿದ್ದು. ಅದು ನಿಜವಾಗಿಯೂ ಆ ವಸ್ತುವಿಗೆ ಸೇರಿದ್ದೋ ಅಲ್ಲವೋ ಎಂಬುದು ಪರೀಕ್ಷೆಯಿಂದ ತಿಳಿಯತಕ್ಕದ್ದು.

ವ್ಯಾಕರಣದ ಪ್ರಕಾರ ಆರೋಪಿಯೆಂದರೆ ಆರೋಪ ಮಾಡಿದವನಾಗಬೇಕು, ಹೊತ್ತವನು ಆರೋಪಿತ. ಬಳಕೆಯು ಇದನ್ನು ತಿರುವುಮುರುವು ಮಾಡಿದೆ. ಅದಕ್ಕೆ ನನ್ನ ಆಕ್ಷೇಪವಿಲ್ಲ. ನನ್ನನ್ನು ನೋಯಿಸುವುದು ಎರಡನೆಯ ಪಲ್ಲಟ: ಅತ್ಯಾಚಾರದ ಸುದ್ದಿ ಬಂದೊಡನೆಯೇ ಆರೋಪಿಯು ಅಪರಾಧಿಗೆ ಪರ್ಯಾಯಪದವಾಗಿಬಿಡುವುದು. ಇದಕ್ಕೆ ಕಾರಣವೂ ಉಂಟು. ಇಂಥ ಪ್ರಕರಣಗಳ ವಿಚಾರಣೆ, ನೊಂದವಳ ಮಾನರಕ್ಷಣೆಗಾಗಿ, ಮುಚ್ಚಿದ ಬಾಗಿಲಿನ ಒಳಗೆ ನಡೆಯುವುದು ನ್ಯಾಯವೇ. ಆದರೆ ಅದರಿಂದ ಜನರ ಕಣ್ಣಿಗೆ ಬೀಳುವುದು ದಸ್ತಗಿರಿಯ ಚಿತ್ರವೊಂದೇ ಹೊರತು, ಸಾಕ್ಷ್ಯವನ್ನು ತೂಗಿನೋಡುವ ದೀರ್ಘವಾದ ಕಾರ್ಯವಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅತ್ಯಾಚಾರಕ್ಕೆ ಕನಿಷ್ಠ ಶಿಕ್ಷೆಯೇ 10 ವರ್ಷ. ಇಷ್ಟು ಭಾರವಾದ ದಂಡನೆ ಕಾದಿರುವವನಿಗೆ ವಕೀಲರಿಲ್ಲದಿದ್ದರೆ, ಸೆಷನ್ಸ್ ನ್ಯಾಯಾಲಯವೇ ಸರ್ಕಾರದ ಖರ್ಚಿನಲ್ಲಿ ಒಬ್ಬರನ್ನು ನೇಮಿಸಿಕೊಡತಕ್ಕದ್ದು. ಇಂಥವನ ಪರವಾಗಿ ಯಾರೂ ವಕಾಲತ್ತು ಹಾಕಕೂಡದೆಂದು ವಕೀಲರ ಸಂಘಗಳು ಮಾಡುವ ನಿರ್ಣಯಗಳು ಸಂವಿಧಾನಕ್ಕೆ ವಿರುದ್ಧವಾದವೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಸ್ಪಷ್ಟವಾಗಿ ಹೇಳಿದೆ. ವಕಾಲತ್ತು ಹಾಕಿದವರು ಕೃತ್ಯವನ್ನು ಸಮರ್ಥಿಸಿದಂತಾಗುವುದಿಲ್ಲ. ಏರಿಸಿದ ಭಾರಕ್ಕೆ ಆಧಾರವೇನೆಂದು ಕೇಳಿದಂತಾಗುತ್ತದೆ, ಅಷ್ಟೆ.

ಆದರೆ ಈ ಕೇಳುವ ಬಗೆಯಲ್ಲಿಯೇ ನಮ್ಮ ನ್ಯಾಯಪದ್ಧತಿಯ ಒಂದು ಹಳೆಯ ಕಳಂಕವಿದ್ದಿತು. 1872ರ ಸಾಕ್ಷ್ಯ ಕಾಯಿದೆಯ 155ನೆಯ ಕಲಮಿನ ಒಂದು ಉಪಖಂಡವು, ದೂರು ಕೊಟ್ಟ ಹೆಂಗಸು ಸಾಮಾನ್ಯವಾಗಿ ಶೀಲಗೆಟ್ಟವಳೆಂದು ತೋರಿಸಿ ಆಕೆಯ ಮಾತನ್ನು ಅಲ್ಲಗಳೆಯುವುದಕ್ಕೆ ಎಡೆಮಾಡಿಕೊಟ್ಟಿತ್ತು. ಹೀಗೆ ಒಂದೇ ನ್ಯಾಯಾಲಯದಲ್ಲಿ ಎರಡು ಆರೋಪಗಳು ನಡೆಯುತ್ತಿದ್ದವು: ಒಂದು ಬರೆದದ್ದು, ರುಜುವಾತು ಬೇಡುವಂಥದ್ದು, ಇನ್ನೊಂದು ಬರೆಯದೆಯೇ ಆಕೆಯ ಮೇಲೆ ಹೊರಿಸಿದ್ದು. ಆ ಉಪಖಂಡವು ರದ್ದಾದದ್ದು 2002ರ ತಿದ್ದುಪಡಿಯಿಂದ. 2013ರ ತಿದ್ದುಪಡಿಯ ತರುವಾಯ, ಸಮ್ಮತಿಯ ಪ್ರಶ್ನೆಯಲ್ಲಿ ಆಕೆಯ ಪೂರ್ವಜೀವನಕ್ಕೆ ಸಂಬಂಧವೇ ಇಲ್ಲವೆಂದಾಯಿತು. ಮೈಕೈ ಬಡಿದು ಪ್ರತಿಭಟಿಸಲಿಲ್ಲವೆಂಬ ಮಾತ್ರಕ್ಕೆ ಸಮ್ಮತಿಸಿದಳೆಂದು ಎಣಿಸಕೂಡದೆಂದೂ ನಿಶ್ಚಯವಾಯಿತು.

ಮಕ್ಕಳ ರಕ್ಷಣೆಗಾಗಿ ಬಂದ 2012ರ ಪೋಕ್ಸೊ ಕಾಯಿದೆಯ ವಿಶೇಷ ನ್ಯಾಯಾಲಯದಲ್ಲಿ ಪಾಟೀಸವಾಲು ನಡೆಯುವ ರೀತಿ ನೋಡತಕ್ಕದ್ದು. ಆರೋಪಿಯ ವಕೀಲರು ಮಗುವಿನತ್ತ ತಿರುಗಿ ಪ್ರಶ್ನೆಯನ್ನು ಎಸೆಯುವಂತಿಲ್ಲ. ತಮ್ಮ ಪ್ರಶ್ನೆಯನ್ನು ನ್ಯಾಯಾಧೀಶರಿಗೆ ತಿಳಿಸುತ್ತಾರೆ, ನ್ಯಾಯಾಧೀಶರು ಅದನ್ನು ಮಗುವಿಗೆ ಕೇಳುತ್ತಾರೆ. ಮಗುವಿನ ಕಣ್ಣಿಗೆ ಆರೋಪಿ ಬೀಳದಂತೆಯೂ, ಆರೋಪಿಗೆ ಮಗುವಿನ ಮಾತು ಕೇಳುವಂತೆಯೂ ಏರ್ಪಾಡು ಮಾಡಬೇಕು. ಪ್ರಶ್ನೆ ಉಳಿಯಿತು, ಅದರ ಮೊನೆ ಮುರಿಯಿತು. ಇಬ್ಬರ ಹಕ್ಕನ್ನೂ ಇಷ್ಟು ಸೂಕ್ಷ್ಮವಾಗಿ ಕಾಯ್ದ ನಿಯಮಗಳು ವಿರಳವೆಂದೇ ನನ್ನ ಭಾವನೆ. ಇದೇ ಕಾಯಿದೆಯು ಕೆಲವು ಅಪರಾಧಗಳಲ್ಲಿ ರುಜುವಾತಿನ ಭಾರವನ್ನು ಆರೋಪಿಯ ಕಡೆಗೆ ತಿರುಗಿಸಿದೆ. ಆದರೂ ಮೂಲಭೂತ ಸಂಗತಿಗಳನ್ನು ಮೊದಲು ಪ್ರಾಸಿಕ್ಯೂಷನ್ನೇ ಸ್ಥಾಪಿಸಬೇಕೆಂದು ಅನೇಕ ನ್ಯಾಯಾಲಯಗಳು ತೀರ್ಮಾನಿಸಿರುವುದರಿಂದ, ಆರೋಪವೆಂಬ ಮಾತಿನ ಹಳೆಯ ಅರ್ಥ ಅಲ್ಲಿಯೂ ಪೂರ್ತಿ ಅಳಿದಿಲ್ಲ.

ಮದುವೆಯಾಗುವೆನೆಂಬ ಮಾತನ್ನು ನಂಬಿ ಕೂಡಿದವರ ಪ್ರಕರಣಗಳಲ್ಲಿ ಆರೋಪವೆಂಬ ಶಬ್ದಕ್ಕೆ ಅತ್ಯಂತ ಕಠಿಣವಾದ ಪರೀಕ್ಷೆ ಒದಗುತ್ತದೆ. ಕರ್ನಾಟಕದಿಂದಲೇ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಅಂಥದೊಂದು ಪ್ರಕರಣದಲ್ಲಿ, ಇಬ್ಬರ ಜಾತಿಯೂ ಬೇರೆಯಾಗಿ, ಮದುವೆಗೆ ಮನೆಯವರ ವಿರೋಧ ಬರುವುದೆಂದು ಆಕೆಗೂ ತಿಳಿದಿತ್ತೆಂಬುದನ್ನು ಗಮನಿಸಿ, ಕೆಳಗಿನ ಎರಡು ನ್ಯಾಯಾಲಯಗಳಲ್ಲಿ ಶಿಕ್ಷೆಯಾಗಿದ್ದವನನ್ನು 2003ರಲ್ಲಿ ಬಿಡುಗಡೆ ಮಾಡಲಾಯಿತು. ಮೊದಲಿನಿಂದಲೇ ಮೋಸದ ಉದ್ದೇಶವಿದ್ದಿತೋ, ಕೊಟ್ಟ ಮಾತು ಆಮೇಲೆ ಮುರಿಯಿತೋ ಎಂಬ ಭೇದವನ್ನು ಮುಂದಿನ ತೀರ್ಪುಗಳು ಮತ್ತಷ್ಟು ಬಿಡಿಸಿ ಹೇಳಿವೆ. ಹೊಸ ಸಂಹಿತೆಯ 69ನೆಯ ಕಲಮು ಇಂಥ ವಂಚನೆಯನ್ನು ಅತ್ಯಾಚಾರಕ್ಕಿಂತ ಭಿನ್ನವಾದ ಪ್ರತ್ಯೇಕ ಅಪರಾಧವನ್ನಾಗಿ ಮಾಡಿದೆ.

ಸಂಶಯದ ಲಾಭದಿಂದ ಖುಲಾಸೆಯಾದೊಡನೆ ಊರು ಅದನ್ನು ‘ಸುಳ್ಳು ಕೇಸು’ ಎಂದುಬಿಡುತ್ತದೆ. ಸಾಕ್ಷ್ಯ ಸಾಲದೆಂದು ಹೇಳಿದ ತೀರ್ಪು ಆಕೆ ಸುಳ್ಳಾಡಿದಳೆಂದು ಹೇಳಿಲ್ಲ. ಹಾಗೆ ಹೇಳಬೇಕಾದರೆ ಅದು ಆಕೆಯ ಮೇಲೆ ಹೊರಿಸುವ ಬೇರೊಂದು ಆರೋಪ. ಅದಕ್ಕೆ ಬೇರೆ ಪುರಾವೆ, ಬೇರೆ ವಿಚಾರಣೆ ಬೇಕು, ಮತ್ತು ಆ ವಿಚಾರಣೆಯಲ್ಲಿ ಆಕೆಯ ಪರವಾಗಿಯೂ ಒಬ್ಬ ವಕೀಲರು ನಿಲ್ಲತಕ್ಕದ್ದು.