ಪ್ಯಾರಿಸ್ಸಿಗೆ ಹೋದ ದೂರು, ಊರಲ್ಲೇ ಉಳಿದ ದುಃಖ

ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಕೊಡುವುದು ಯಾರಿಗೆ? ಗಾದೆ ಹಳೆಯದು. ಈಗಿನವರು ಇದಕ್ಕೆ ಹೇಗ್, ಜಿನೀವಾ, ವಿಶ್ವಸಂಸ್ಥೆ ಎಂದು ಉತ್ತರ ಹೇಳುತ್ತಾರೆ. ಟಿ.ವಿ.ಯಲ್ಲಿ ಈ ಹೆಸರು ಕೇಳಿದಾಗ ಯಾವುದೋ ದೂರದೇಶದ ವ್ಯವಹಾರ ಅನ್ನಿಸುತ್ತದೆ. ಆದರೆ ನಮ್ಮ ಬೀದರ, ಕಲಬುರಗಿ, ರಾಯಚೂರು ಸೇರಿದ್ದ ರಾಜ್ಯದ ದೂರೊಂದು 1948ರಲ್ಲೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಹೋಗಿತ್ತು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ನಾನು ಬಿ.ಕಾಂ. ಓದಿ ಬ್ಯಾಂಕ್ ಸೇರಿದವನು, ಇತಿಹಾಸದ ಪದವಿ ನನ್ನದಲ್ಲ. ಆದರೂ ಈ ಕತೆ ನನ್ನನ್ನು ಬಿಟ್ಟಿಲ್ಲ.

ನಾನಿರುವ ಖರಾಡಿಯಿಂದ ಮುಂಢವಾ, ಹಡಪ್ಸರ್ ದಾಟಿದರೆ ಸೊಲ್ಲಾಪುರ ರಸ್ತೆ ಸಿಗುತ್ತದೆ. ಅದೇ ರಸ್ತೆ ನಳದುರ್ಗ, ಉಮರ್ಗಾ, ಹುಮನಾಬಾದ್, ಜಹೀರಾಬಾದ್ ಮೂಲಕ ಹೈದರಾಬಾದ್ ಸೇರುತ್ತದೆ. ಇಲ್ಲಿ ಗಗನಚುಂಬಿ ಕಟ್ಟಡಗಳಿಗೆ ಇಟ್ಟಿಗೆ ಹೊರಲು ನಮ್ಮ ಕಡೆಯ ಜನ ಬರುವುದೂ, ಹಬ್ಬಕ್ಕೆ ಊರಿಗೆ ಹೋಗುವುದೂ ಇದೇ ದಾರಿಯಲ್ಲಿ. 1948ರ ಸೆಪ್ಟೆಂಬರ್ 13ರಂದು ಸೊಲ್ಲಾಪುರದ ಕಡೆಯಿಂದ ಭಾರತದ ಸೈನ್ಯ ಒಳನುಗ್ಗಿದ್ದೂ ಇದೇ ದಾರಿ ಹಿಡಿದು. ಆ ಕಾರ್ಯಾಚರಣೆ ನಡೆಸಿದ್ದು ದಕ್ಷಿಣ ಕಮಾಂಡ್, ಅದರ ಕೇಂದ್ರ ನಮ್ಮ ಪುಣೆ. ಹಾಗಾಗಿ ಪುಣೆಯಲ್ಲಿ ಕೂತು ಇದನ್ನು ಬರೆಯುವುದರಲ್ಲಿ ಒಂದು ಅರ್ಥವಿದೆ ಎಂದುಕೊಂಡಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೈದರಾಬಾದ್ ಸಂಸ್ಥಾನದಲ್ಲಿ 16 ಜಿಲ್ಲೆಗಳಿದ್ದವು. ತೆಲುಗು, ಮರಾಠಿ ಜಿಲ್ಲೆಗಳ ಜೊತೆ ಕನ್ನಡದ ಮೂರು ಜಿಲ್ಲೆಗಳು. 1947ರ ನವೆಂಬರ್ 29ರಂದು ಭಾರತದೊಡನೆ ಯಥಾಸ್ಥಿತಿ ಒಪ್ಪಂದವಾಯಿತು, ವಿಲೀನ ಮಾತ್ರ ಆಗಲಿಲ್ಲ. ಈ ನಡುವೆ ಲಾತೂರಿನ ವಕೀಲ ಕಾಸಿಂ ರಜವಿಯ ಕೈಯಲ್ಲಿದ್ದ ರಜಾಕಾರರ ಪಡೆ ಹಳ್ಳಿಹಳ್ಳಿಗೂ ನುಗ್ಗತೊಡಗಿತು. ಹೆಸರಿಗೆ ಅದು ಖಾಸಗಿ ಪಡೆ, ಆದರೆ ಸಂಸ್ಥಾನದ ಅಧಿಕಾರ ಅದರ ಬೆನ್ನಿಗಿತ್ತು. ಊರೂರಿಗೂ ತಿಂಗಳ ವಸೂಲಿ, ಕೊಡದಿದ್ದರೆ ಲೂಟಿ, ಬೆಂಕಿ. ಜನ ಗಂಟುಮೂಟೆ ಕಟ್ಟಿಕೊಂಡು ಸೊಲ್ಲಾಪುರದ ಕಡೆಗೆ, ಗದಗಿನ ಕಡೆಗೆ ಗಡಿ ದಾಟಿದರು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳು ಹೋರಾಟದ ಶಿಬಿರ ನಡೆಸಿದರು.

1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಹತ್ತಿರದ ಗೋರಟಾ ಎಂಬ ಹಳ್ಳಿಯ ಮೇಲೆ ರಜಾಕಾರರು ಬಿದ್ದರು. ಅಲ್ಲಿ ಸತ್ತವರು ಇನ್ನೂರಕ್ಕೂ ಹೆಚ್ಚು ಎಂದು ಆ ಭಾಗದ ಜನ ಹೇಳುತ್ತ ಬಂದಿದ್ದಾರೆ. ಗೋರಟಾದವರು ಯಾರಿಗೆ ದೂರು ಕೊಡಬೇಕಿತ್ತು ಹೇಳಿ? ಪೊಲೀಸ್ ಠಾಣೆಯೂ ನಿಜಾಮರದೇ, ಕಚೇರಿಯೂ ನಿಜಾಮರದೇ.

ಆಗಸ್ಟ್ 21ರಂದು ಹೈದರಾಬಾದ್ ಸರ್ಕಾರ ತಾನೇ ಒಂದು ದೂರು ಕೊಟ್ಟಿತು! ಭಾರತ ಬೆದರಿಸುತ್ತಿದೆ, ಆರ್ಥಿಕ ದಿಗ್ಬಂಧನ ಹಾಕಿದೆ ಎಂದು ಭದ್ರತಾ ಮಂಡಳಿಗೆ ಬರೆಯಿತು. ವಿಶ್ವಸಂಸ್ಥೆಯ ಸನ್ನದಿನ 35ನೇ ವಿಧಿ ಪ್ರಕಾರ ಸದಸ್ಯವಲ್ಲದ ದೇಶವೂ ತಾನು ಭಾಗಿಯಾದ ವಿವಾದವನ್ನು ಮಂಡಳಿಯ ಗಮನಕ್ಕೆ ತರಬಹುದು. ಅದೇ ರಾತ್ರಿ ಹೈದರಾಬಾದಿನಲ್ಲಿ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರ ಮೇಲೆ ದಾಳಿಯಾಯಿತು. ಭಾರತದೊಡನೆ ಸೇರಬೇಕು ಎಂದು ಬರೆಯುತ್ತಿದ್ದ ಮುಸ್ಲಿಂ ಪತ್ರಕರ್ತ ಅವರು. ಬೆಳಗಾಗುವಷ್ಟರಲ್ಲಿ ಪ್ರಾಣ ಹೋಗಿತ್ತು. ಒಂದೇ ದಿನ ಸರ್ಕಾರ ಲೋಕದ ಮುಂದೆ ನ್ಯಾಯ ಕೇಳುತ್ತಿದೆ, ಅದೇ ಸರ್ಕಾರದ ರಾಜಧಾನಿಯಲ್ಲಿ ಒಬ್ಬ ಪ್ರಜೆ ಬೀದಿಯಲ್ಲಿ ಬಿದ್ದಿದ್ದಾನೆ.

ಭದ್ರತಾ ಮಂಡಳಿ ಸೇರಿದ್ದು ಪ್ಯಾರಿಸ್ಸಿನಲ್ಲಿ, ಸೆಪ್ಟೆಂಬರ್ 16ರಂದು. ಆಗಲೇ ಸೈನ್ಯ ಒಳಹೊಕ್ಕು ಮೂರು ದಿನವಾಗಿತ್ತು. ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಲು 8 ಮತ ಬಂದವು, ವಿರುದ್ಧ ಒಂದೂ ಇಲ್ಲ, ಮೂರು ದೇಶಗಳು ತಟಸ್ಥ. ಹೈದರಾಬಾದಿನ ಪರವಾಗಿ ನವಾಬ್ ಮೊಯಿನ್ ನವಾಜ್ ಜಂಗ್ ಹೋಗಿದ್ದರು. ಭಾರತದ ಪರವಾಗಿ ಹೋದವರು ಯಾರು ಗೊತ್ತೆ? ಮೈಸೂರಿನ ದಿವಾನರಾಗಿದ್ದ ಸರ್ ಎ. ರಾಮಸ್ವಾಮಿ ಮೊದಲಿಯಾರ್. ಹಿಂದಿನ ವರ್ಷವಷ್ಟೇ ಅವರ ಆಡಳಿತದಲ್ಲಿ 'ಮೈಸೂರು ಚಲೋ' ಚಳವಳಿ ನಡೆದು, ಮೈಸೂರು ಪಟ್ಟಣದಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡೇಟಿಗೆ ಬಲಿಯಾಗಿದ್ದ. ಆ ಹುಡುಗನ ಹೆಸರಿನ ವೃತ್ತ ಮೈಸೂರಿನಲ್ಲಿ ಇಂದಿಗೂ ಇದೆ. ಅವನ ಪರವಾಗಿ ಪ್ಯಾರಿಸ್ಸಿಗೆ ಹೋಗುವವರು ಯಾರೂ ಇರಲಿಲ್ಲ.

ಮೊದಲಿಯಾರರ ವಾದ ನೇರವಾಗಿತ್ತು. ಹೈದರಾಬಾದ್ ಸ್ವತಂತ್ರ ದೇಶವೇ ಅಲ್ಲ, ಆದ್ದರಿಂದ ದೂರು ಕೊಡುವ ಅರ್ಹತೆಯೇ ಅದಕ್ಕಿಲ್ಲ. ಹೀಗೆ ಇಡೀ ಪ್ರಶ್ನೆ 'ಯಾರು ದೇಶ, ಯಾರು ದೇಶವಲ್ಲ' ಎಂಬಲ್ಲಿಗೆ ಬಂದು ನಿಂತಿತು. ಜನರ ಸಂಕಟ ಎರಡೂ ಕಡೆಯವರಿಗೆ ವಾದದ ಸರಕಾಗಿತ್ತೇ ಹೊರತು ಮಂಡಳಿ ತೀರ್ಮಾನಿಸಬೇಕಾದ ಪ್ರಶ್ನೆಯಾಗಿರಲಿಲ್ಲ.

ಸೆಪ್ಟೆಂಬರ್ 17ಕ್ಕೆ ನಿಜಾಮರು ಶರಣಾದರು. 22ರಂದು ತಂತಿ ಕಳಿಸಿ ದೂರು ವಾಪಸ್ಸು ಪಡೆದರು. ಸೈನ್ಯ ಊರೊಳಗೆ ಬಂದ ಮೇಲೆ ಕಳಿಸಿದ ತಂತಿ ಸ್ವಂತ ಇಚ್ಛೆಯದ್ದೇ ಎಂಬ ಪ್ರಶ್ನೆ ಮಂಡಳಿಯಲ್ಲೂ ಎದ್ದಿತು. 1949ರ ಮೇ ತಿಂಗಳಲ್ಲಿ ಮತ್ತೊಮ್ಮೆ ಚರ್ಚೆಯಾಯಿತು. ನಿರ್ಣಯ ಯಾವುದೂ ಆಗಲಿಲ್ಲ. 'ಹೈದರಾಬಾದ್ ಪ್ರಶ್ನೆ' ಎಂಬ ಹೆಸರು ಮಾತ್ರ ದಶಕಗಳ ಕಾಲ ಮಂಡಳಿಯ ಪಟ್ಟಿಯಲ್ಲಿ ಹಾಗೇ ಉಳಿಯಿತು. ವ್ಯವಹಾರ ನಿಂತುಹೋದರೂ ಮುಕ್ತಾಯವಾಗದ ಖಾತೆಗಳು ನಮ್ಮ ಬ್ಯಾಂಕಿನಲ್ಲೂ ಇರುತ್ತವಲ್ಲ, ಹಾಗೆ.

ಇನ್ನು ಮುಂದಿನದು ನಾವು ಕಡಿಮೆ ಮಾತಾಡುವ ಭಾಗ. ಸೈನ್ಯ ಬಂದ ದಿನಗಳಲ್ಲಿ ಮತ್ತು ಆಮೇಲೆ ಸಂಸ್ಥಾನದ ಮುಸ್ಲಿಮರ ಮೇಲೆ ಸೇಡು ತೀರಿಸುವ ಹಿಂಸೆ ನಡೆಯಿತು. ರಜಾಕಾರರ ಜೊತೆ ಏನೇನೂ ಸಂಬಂಧವಿಲ್ಲದವರೂ ಸತ್ತರು. ದೂರುಗಳು ದೆಹಲಿ ಮುಟ್ಟಿದಾಗ ಪ್ರಧಾನಿ ನೆಹರೂ ಒಂದು ತಂಡ ಕಳಿಸಿದರು. ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ. ಇವರು ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ 16ರಲ್ಲಿ 9 ಜಿಲ್ಲೆ ಸುತ್ತಿದರು. ತಾವು ಹೋಗಲಾಗದ 109 ಹಳ್ಳಿಗಳಿಂದ ಬಂದ 500ಕ್ಕೂ ಹೆಚ್ಚು ಜನರ ಮಾತು ಕೇಳಿದರು.

ಸತ್ತವರು ಕಡಿಮೆಯೆಂದರೂ 27,000ದಿಂದ 40,000 ಎಂಬುದು ಅವರ ಅಂದಾಜು. ಅತಿ ಹೆಚ್ಚು ನರಳಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ್. ಈ ನಾಲ್ಕರಲ್ಲೇ 18,000ಕ್ಕೆ ಕಡಿಮೆಯಿಲ್ಲ ಎಂದು ಬರೆದರು. ನಾಲ್ಕರಲ್ಲಿ ಎರಡು ನಮ್ಮವು ನೋಡಿ. ಕೆಲವು ಕಡೆ ಸೈನಿಕರೇ ಮುಸ್ಲಿಂ ಗಂಡಸರನ್ನು ಊರಿನಿಂದ ಹೊರಗೆ ತಂದು ಕೊಂದರೆಂದೂ ವರದಿ ಹೇಳುತ್ತದೆ. ರಜಾಕಾರರು ಮಾಡಿದ್ದನ್ನೂ ಅದು ಮುಚ್ಚಿಡಲಿಲ್ಲ. ಹಿಂದೂ ನೇಕಾರರು ತಮ್ಮ ಜೊತೆಯ ಮುಸ್ಲಿಂ ನೇಕಾರರನ್ನು ಪ್ರಾಣ ಕೊಟ್ಟು ಕಾಪಾಡಿದ್ದನ್ನೂ ಮರೆಯದೆ ದಾಖಲಿಸಿತು.

ಸರ್ದಾರ್ ಪಟೇಲರು ಆ ವರದಿಯನ್ನು ಒಪ್ಪಲಿಲ್ಲ. ಸರ್ಕಾರ ಅದನ್ನು ಪ್ರಕಟಿಸಲಿಲ್ಲ. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದುಗರಿಗೆ ಸಿಗುತ್ತಿದೆ ಎಂಬ ಸುದ್ದಿ ದೊಡ್ಡದಾಗಿ ಬಂದದ್ದು 2013ರಲ್ಲಿ, ಅಂದರೆ 65 ವರ್ಷಗಳ ನಂತರ. ಅಷ್ಟರಲ್ಲಿ ಸಾಕ್ಷಿ ಹೇಳಿದವರಲ್ಲಿ ಎಷ್ಟು ಜನ ಬದುಕಿದ್ದರೋ.

ಹಾಗಾದರೆ ಶಿಕ್ಷೆ ಯಾರಿಗೂ ಆಗಲಿಲ್ಲವೆ? ಖರಾಡಿಯಿಂದ ನಗರ ರಸ್ತೆಯಲ್ಲಿ ಪುಣೆ ಕಡೆ ಹೊರಟರೆ ವಿಮಾನನಗರ ದಾಟಿ ಯರವಡಾ ಬರುತ್ತದೆ. ಅಲ್ಲಿನ ಜೈಲು ಎಂದರೆ ನಮಗೆಲ್ಲ ಗಾಂಧೀಜಿ ನೆನಪಾಗುತ್ತಾರೆ. ಕಾಸಿಂ ರಜವಿ ಸೆರೆಯಲ್ಲಿದ್ದದ್ದೂ ಅದೇ ಯರವಡಾದಲ್ಲಿ. ಆದರೆ ಅವನಿಗೆ ಶಿಕ್ಷೆಯಾದದ್ದು ಬೀಬಿನಗರ ಎಂಬಲ್ಲಿನ ಒಂದು ದರೋಡೆ ಪ್ರಕರಣದಲ್ಲಿ. 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ನಿಜಾಮರ ಪ್ರಧಾನಿ ಲಾಯಕ್ ಅಲಿ 1950ರಲ್ಲೇ ಗೃಹಬಂಧನದಿಂದ ತಪ್ಪಿಸಿಕೊಂಡು ಅಲ್ಲಿಗೇ ಹೋಗಿದ್ದ. ಸ್ವತಃ ನಿಜಾಮರು ಭಾರತ ಸರ್ಕಾರದಡಿ ರಾಜಪ್ರಮುಖರಾದರು. ಇದು ಒಂದು ಕಡೆಯ ಲೆಕ್ಕ. ಇನ್ನೊಂದು ಕಡೆಯ ಲೆಕ್ಕವಂತೂ ಬೀರುವಿನಲ್ಲೇ ಉಳಿಯಿತು.

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, 1948ರ ವಿಶ್ವಸಂಸ್ಥೆಯಲ್ಲಿ ಖಾತೆ ಇದ್ದದ್ದು ದೇಶಗಳಿಗೆ ಮಾತ್ರ. ಹಣ ಜನರದ್ದು, ಸಹಿ ಸರ್ಕಾರದ್ದು. ಖಾತೆದಾರ ಬಂದು 'ನನ್ನ ಅರ್ಜಿ ವಾಪಸ್ಸು' ಎಂದರೆ ಮುಗಿಯಿತು. ನಿಜಾಮರ ಒಂದು ತಂತಿಗೆ ಇಡೀ ಪ್ರಕರಣ ತಣ್ಣಗಾದದ್ದು ಹೀಗೆ. ಗೋರಟಾದ ವಿಧವೆಗೂ ಅಲ್ಲಿ ಖಾತೆ ಇರಲಿಲ್ಲ, ಬೀದರ ಸೀಮೆಯ ಯಾವುದೋ ಹಳ್ಳಿಯಲ್ಲಿ ಗಂಡನನ್ನು ಕಳಕೊಂಡ ಮುಸ್ಲಿಂ ಹೆಣ್ಣುಮಗಳಿಗೂ ಇರಲಿಲ್ಲ.

ಇನ್ನೊಂದು ಸಂಗತಿ ಹೇಳಬೇಕು. ಸುಂದರಲಾಲ್ ತಂಡ ನಮ್ಮ ಜಿಲ್ಲೆಗಳಲ್ಲಿ ತಿರುಗುತ್ತಿದ್ದ ಅದೇ ದಿನಗಳಲ್ಲಿ ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ನಡೆದಿತ್ತು. ಡಿಸೆಂಬರ್ 9ರಂದು ನರಮೇಧ ತಡೆ ಒಪ್ಪಂದಕ್ಕೆ, 10ರಂದು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಗೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಅತ್ತ ಹಕ್ಕುಗಳ ಪಟ್ಟಿ ಬರೆಯುತ್ತಿದ್ದರು, ಇತ್ತ ಮೂವರು ಹಿರಿಯರು ಸತ್ತವರ ಪಟ್ಟಿ ಬರೆಯುತ್ತಿದ್ದರು. ಎರಡೂ ಕಾಗದ ಒಂದಕ್ಕೊಂದು ಭೇಟಿಯಾಗಲೇ ಇಲ್ಲ.

ಆಮೇಲೆ ಬಾಗಿಲುಗಳು ಸ್ವಲ್ಪ ತೆರೆದವು ನಿಜ. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ ಜೊತೆ ಬಂದ ಐಚ್ಛಿಕ ಒಪ್ಪಂದದಲ್ಲಿ ಒಬ್ಬ ವ್ಯಕ್ತಿಯೇ ತನ್ನ ಸರ್ಕಾರದ ವಿರುದ್ಧ ವಿಶ್ವಸಂಸ್ಥೆಯ ಸಮಿತಿಗೆ ದೂರು ಕೊಡಬಹುದು. ಭಾರತ 1979ರಲ್ಲಿ ಒಡಂಬಡಿಕೆಗೆ ಸೇರಿತು, ಆ ಐಚ್ಛಿಕ ಒಪ್ಪಂದಕ್ಕೆ ಸೇರಲಿಲ್ಲ. 1998ರ ರೋಮ್ ಒಪ್ಪಂದದಿಂದ ಹುಟ್ಟಿದ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೂ ನಾವು ಸದಸ್ಯರಲ್ಲ. ಆ ನ್ಯಾಯಾಲಯವಾದರೂ 2002ರ ಜುಲೈ 1ಕ್ಕಿಂತ ಹಿಂದಿನ ಅಪರಾಧ ಕೇಳುವುದಿಲ್ಲ. ಅಂದರೆ ನಮ್ಮ ಆ ಹಳ್ಳಿಗಳಿಗೆ ಹೇಗ್ ನಗರದ ದಾರಿ ಎಂದೂ ಇರಲಿಲ್ಲ, ಇನ್ನು ಮುಂದೆಯೂ ಇಲ್ಲ.

ಇಷ್ಟೆಲ್ಲ ಓದಿದ ಮೇಲೆ ನನಗೆ ತಿಳಿದದ್ದು ಒಂದೇ. ದೂರು ವಾಪಸ್ಸಾಗಬಹುದು, ಆರೋಪಿ ತಪ್ಪಿಸಿಕೊಳ್ಳಬಹುದು, ಆದರೆ ಕೇಳಿ ಬರೆದಿಟ್ಟ ಮಾತು ಒಂದಲ್ಲ ಒಂದು ದಿನ ಬೀರುವಿನಿಂದ ಹೊರಗೆ ಬರುತ್ತದೆ. ಸುಂದರಲಾಲರ ತಂಡ ಆ 23 ದಿನ ತಿರುಗದಿದ್ದರೆ ಇವತ್ತು ನಮ್ಮ ಕೈಲಿ ಊಹಾಪೋಹ ಬಿಟ್ಟರೆ ಏನೂ ಇರುತ್ತಿರಲಿಲ್ಲ.

ಪ್ರತಿ ಸೆಪ್ಟೆಂಬರ್ 17ಕ್ಕೆ ಕಲಬುರಗಿಯಲ್ಲಿ ಕಲ್ಯಾಣ ಕರ್ನಾಟಕ ಉತ್ಸವ, ಇಲ್ಲಿ ಮಹಾರಾಷ್ಟ್ರದಲ್ಲಿ ಮರಾಠವಾಡಾ ಮುಕ್ತಿ ಸಂಗ್ರಾಮ ದಿನ. ಧ್ವಜ ಏರಲಿ, ಏರಲೇಬೇಕು. ನಿಜಾಮಶಾಹಿಯಿಂದ ಬಿಡುಗಡೆ ನಮ್ಮ ಹಿರಿಯರಿಗೆ ಸಣ್ಣ ಮಾತಾಗಿರಲಿಲ್ಲ. ಆದರೆ ಆ ದಿನ ಗೋರಟಾದ ಹೆಸರು ಹೇಳುವಾಗ ಆ 18,000ವನ್ನೂ ಹೇಳಬೇಕು. 18,000 ಎಂದವರು ಗೋರಟಾವನ್ನೂ ಹೇಳಬೇಕು. ಒಂದನ್ನು ಹೇಳಿ ಇನ್ನೊಂದನ್ನು ನುಂಗುವವರು ನ್ಯಾಯ ಕೇಳುತ್ತಿಲ್ಲ, ಮತ್ತೆ ಪ್ಯಾರಿಸ್ಸಿನ ವಾದವನ್ನೇ ಮಾಡುತ್ತಿದ್ದಾರೆ ಅಷ್ಟೆ. ನಿಮ್ಮ ಮನೆಯಲ್ಲಿ ಆ ವರ್ಷ ಕಂಡ ಅಜ್ಜ ಅಜ್ಜಿಯರು ಇನ್ನೂ ಇದ್ದರೆ, ಮುಂದಿನ ಸಲ ಊರಿಗೆ ಹೋದಾಗ ಅವರ ಪಕ್ಕ ಕೂತು ಕೇಳಿ. ಊರ ಹೆಸರು, ಮನುಷ್ಯರ ಹೆಸರು ಸಮೇತ ಬರೆದಿಡಿ. ಆ ಕಾಗದಕ್ಕೆ ಯಾವ ಸರ್ಕಾರದ ಸಹಿಯೂ ಬೇಕಾಗಿಲ್ಲ.